ಅಡಿಗೆಮನೆಗೆ ಕನ್ನಡಿ ನೆಲವೇಕೆ?

ಹೊಸ ಮನೆಯನ್ನು ನೋಡಲು ಹೋದವರಿಗೆ ನಮ್ಮ ನಗರಗಳಲ್ಲಿ ಈಗ ಮೊದಲು ತೋರಿಸುವ ವಸ್ತು ನೆಲ. ದೇವರ ಮನೆಯ ಸರದಿ ಆಮೇಲೆ. “ನೋಡಿ, ಮುಖ ಕಾಣುತ್ತದೆ” ಎಂದು ಯಜಮಾನರು ಹೇಳುತ್ತಾರೆ, ಬಂದವರು ಬಗ್ಗಿ ನೋಡುತ್ತಾರೆ, ಮುಖ ಕಾಣುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಈ ಉಪಚಾರ ಹಜಾರದಲ್ಲಿ ಆರಂಭವಾಗಿ ಹಜಾರದಲ್ಲೇ ಮುಗಿಯುವುದಾದರೆ ಯಾರೂ ತಕರಾರು ಮಾಡಬೇಕಾಗಿಲ್ಲ. ಆದರೆ ಅದೇ ಟೈಲ್ಸ್, ಅದೇ ಹೊಳಪು, ನಡುವೆ ಒಂದು ಹೊಸ್ತಿಲು ಕೂಡ ಇಲ್ಲದೆ ಅಡಿಗೆಮನೆಯೊಳಕ್ಕೂ ಹರಿದುಹೋಗಿದೆ. ಅಲ್ಲಿ ನಿಂತವರಿಗೆ ನೆಲದಲ್ಲಿ ಮುಖ ನೋಡಿಕೊಳ್ಳುವಷ್ಟು ಬಿಡುವು ಯಾವ ಹೊತ್ತಿನಲ್ಲಿ ಸಿಕ್ಕೀತೆಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಬಹಳ ಸಣ್ಣ ಮಾತು. ಅಡಿಗೆಮನೆಯ ನೆಲವನ್ನು ಕಣ್ಣು ಆರಿಸಬಾರದು, ಕಾಲು ಆರಿಸಬೇಕು. ಇಷ್ಟು ಸಣ್ಣ ಮಾತಿಗೆ ಇಷ್ಟುದ್ದದ ಲೇಖನವೇಕೆಂದು ವಾಚಕರು ಕೇಳಬಹುದು. ಕಾಲು ಕಿಲೋ ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಕೊಳ್ಳುವ ವಿವೇಕಿಗಳು, ಮೂವತ್ತು ವರ್ಷ ತುಳಿಯಬೇಕಾದ ನೆಲವನ್ನು ಒಂದು ಸಲವೂ ತುಳಿದು ನೋಡದೆ ಕೊಂಡು ಬರುತ್ತಿರುವುದರಿಂದ ಈ ಉದ್ದ ಬೇಕಾಯಿತು.

ಅಡಿಗೆಮನೆಯೆಂದರೆ ಏನು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಅದು ಚೆಲ್ಲುವ ಸ್ಥಳ. ಅಕ್ಕಿ ತೊಳೆದ ನೀರು ಚೆಲ್ಲುತ್ತದೆ, ಒಗ್ಗರಣೆಯ ಎಣ್ಣೆ ಸಿಡಿಯುತ್ತದೆ, ರಾಗಿಹಿಟ್ಟು ಉದುರುತ್ತದೆ, ಸೊಪ್ಪು ತೊಳೆದು ತಟ್ಟೆಗೆ ಹಾಕುವಷ್ಟರಲ್ಲಿ ಅರ್ಧ ಚೊಂಬು ನೀರು ನೆಲಕ್ಕೆ ಬಂದಿರುತ್ತದೆ. ಇದು ಯಾರ ಅಜಾಗರೂಕತೆಯೂ ಅಲ್ಲ, ಕೆಲಸದ ಸ್ವಭಾವವೇ ಹಾಗೆ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ನಾವು ಮೊದಲು ಮಾಡುವ ಕೆಲಸ ಹಾಲನ್ನು ಉಕ್ಕಿಸುವುದು. ಅಂದರೆ ಅಡಿಗೆಮನೆಯಲ್ಲಿ ಚೆಲ್ಲುವುದು ನಮ್ಮಲ್ಲಿ ಅಪಘಾತವೇ ಅಲ್ಲ, ಅದು ಶಾಸ್ತ್ರ! ಇಂಥ ಜಾಗಕ್ಕೆ, ಒಂದು ಹನಿ ಬಿದ್ದರೂ ತಡೆಯಲಾರದ ನೆಲವನ್ನು ಹಾಸಿ, ಆಮೇಲೆ “ನೋಡಿಕೊಂಡು ಓಡಾಡಬಾರದೇ?” ಎಂದು ಬಿದ್ದವರನ್ನೇ ಗದರಿಸುವುದು ಎಲ್ಲಿಯ ನ್ಯಾಯ?

ಮನೆ ಕಟ್ಟಿ ಮಾರುವವರು ಹಂಚುವ ಬಣ್ಣದ ಪುಸ್ತಿಕೆಗಳನ್ನು ಗಮನವಿಟ್ಟು ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. “ಹಜಾರ, ಮಲಗುವ ಕೋಣೆ, ಅಡಿಗೆಮನೆ: ವಿಟ್ರಿಫೈಡ್ ಟೈಲ್ಸ್” ಎಂದು ಒಂದು ಸಾಲು. ಅದರ ಕೆಳಗೆ “ಸ್ನಾನದ ಮನೆ, ಬಾಲ್ಕನಿ: ಜಾರದ ಟೈಲ್ಸ್” ಎಂದು ಇನ್ನೊಂದು ಸಾಲು. ಎಲ್ಲರೂ ಹೀಗೆಯೇ ಬರೆಯುತ್ತಾರೆಂದಲ್ಲ. ಆದರೆ ಬಹುಮಟ್ಟಿಗೆ ವಾಡಿಕೆ ಇದೇ. ನೀರು ಬಿದ್ದರೆ ಟೈಲ್ಸ್ ಜಾರುತ್ತದೆಂಬ ಜ್ಞಾನ ಇವರಿಗೆ ಇದೆಯೆಂದಾಯಿತು. ಜಾರದ ಟೈಲ್ಸ್ ಪೇಟೆಯಲ್ಲಿ ದೊರೆಯುತ್ತದೆಂಬುದೂ ಗೊತ್ತು. ಗೊತ್ತಿಲ್ಲದಿರುವುದು ಒಂದೇ: ಅಡಿಗೆಮನೆಯಲ್ಲಿ ನೀರಿನ ನಲ್ಲಿಯಿರುತ್ತದೆಂಬ ಸಂಗತಿ! ಅಡಿಗೆಮನೆಯನ್ನು ಹಜಾರದ ಸಾಲಿಗೆ ಸೇರಿಸಿ ಬರೆದ ಕೈ ಒಂದು ದಿನವೂ ಸೌಟು ಹಿಡಿದಿಲ್ಲವೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಜಾರುವುದರ ಗುಟ್ಟು ಬಲು ಸುಲಭ. ಕಾಲಿಗೂ ನೆಲಕ್ಕೂ ನಡುವೆ ನೀರಿನ ತೆಳುಪದರ ನಿಂತರೆ ಕಾಲು ನೆಲವನ್ನು ಮುಟ್ಟುವುದೇ ಇಲ್ಲ, ನೀರಿನ ಮೇಲೆ ತೇಲುತ್ತದೆ. ನೆಲದ ಮೈ ತುಸು ಒರಟಾಗಿದ್ದರೆ ಅದರ ಸಣ್ಣ ಉಬ್ಬುತಗ್ಗುಗಳು ಆ ಪದರವನ್ನು ಹರಿದು ಕಾಲಿಗೆ ಹಿಡಿತ ಕೊಡುತ್ತವೆ. ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಮೈಯಲ್ಲಿ ಆ ಉಬ್ಬುತಗ್ಗು ಇರುವುದಿಲ್ಲ. ನೀರಿಗೆ ಎಣ್ಣೆ ಸೇರಿದರಂತೂ ಹೇಳಬೇಕಾದುದೇ ಇಲ್ಲ. ಒಣಗಿದ ನೆಲದ ಮೇಲೆ ಉದುರಿದ ರವೆ ಕೂಡ ಸಣ್ಣ ಗಾಲಿಗಳಂತೆ ಕಾಲನ್ನು ಉರುಳಿಸಬಲ್ಲದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯಿದೆ. ಈ ನೆಲದಲ್ಲಿ ಮಣ್ಣಿಲ್ಲವಾದ್ದರಿಂದ ಮೀಸೆಗೆ ಭಯವಿಲ್ಲ, ಭಯವಿರುವುದು ಸೊಂಟಕ್ಕೆ. ಇಳಿವಯಸ್ಸಿನವರ ತೊಡೆಯ ಮೂಳೆ ಸೊಂಟದ ಬಳಿ ಮುರಿಯುವುದು ಹೆಚ್ಚಾಗಿ ಮರದಿಂದಲೋ ಮಹಡಿಯಿಂದಲೋ ಬಿದ್ದಲ್ಲ, ನಿಂತ ನೆಲದ ಮೇಲೆಯೇ ಬಿದ್ದು. ಹಾಗೆ ಬಿದ್ದ ಎಷ್ಟೋ ಅಜ್ಜಿಯರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಮೂಳೆ ಕೂಡಿಸಿದ ಖರ್ಚಿನಲ್ಲಿ ನಾಲ್ಕು ಅಡಿಗೆಮನೆಗಳಿಗೆ ಟೈಲ್ಸ್ ಹಾಕಿಸಬಹುದೆಂಬ ಲೆಕ್ಕ ಆಮೇಲೆ ಹೊಳೆಯುತ್ತದೆ.

ಇಷ್ಟು ಹೇಳಿದೊಡನೆ ಇನ್ನೊಂದು ಪಕ್ಷದವರು ತಲೆದೂಗುತ್ತಾರೆ. “ಹಳೆಯ ನೆಲವೇ ಚೆನ್ನ, ಸಗಣಿ ಸಾರಿಸಿದ ನೆಲದ ತಂಪು ಎಲ್ಲಿ, ಕೆಂಪು ಗಾರೆಯ ಅಂದವೆಲ್ಲಿ!” ಎಂದು ನಿಟ್ಟುಸಿರು ಬಿಡುತ್ತಾರೆ. ಇವರ ಜೊತೆಗೂ ನನಗೆ ಜಗಳವೇ. ಸಾರಿಸಿದ ನೆಲದ ತಂಪನ್ನು ಹೊಗಳುವವರಲ್ಲಿ ಸಾರಿಸಿದವರು ಎಷ್ಟು ಮಂದಿ? ಮೊಣಕಾಲೂರಿ, ಸೊಂಟ ಬಗ್ಗಿಸಿ, ಊಟವಾದ ಮೇಲೆ ಗೋಮಯ ಹಚ್ಚಿ, ಹಬ್ಬದ ಮುಂದೆ ಇಡೀ ಮನೆ ಸಾರಿಸಿದ ಹೆಂಗಸರನ್ನು ಕೇಳಿದ್ದರೆ ಅವರು ಆ ತಂಪಿನ ಬೆಲೆಯನ್ನೂ ಹೇಳುತ್ತಿದ್ದರು. ಕೆಂಪು ಗಾರೆ ಅಂದವಾದದ್ದು ನಿಜ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಬಣ್ಣ ಬೆರೆಸಿ, ಮೇಸ್ತ್ರಿ ಕರಣೆಯಿಂದ ತಿಕ್ಕಿ ತಿಕ್ಕಿ ಎಬ್ಬಿಸಿದ ಆ ನುಣುಪು ಕೈಗುಣದ ಫಲ. ಆದರೆ ಒಮ್ಮೆ ಬಿರುಕು ಬಿಟ್ಟರೆ ತೇಪೆ ಹಾಕಿದ್ದು ಕಾಣದಂತಿರುವುದು ದುಸ್ತರ. ಒದ್ದೆಯಾದರೆ ಅದೂ ಜಾರುತ್ತದೆ. ಕಡಪದ ಕರಿಕಲ್ಲು, ಶಹಾಬಾದಿನ ಕಲ್ಲು ಗಟ್ಟಿಯಾದವು. ಆದರೆ ಎರಡೂ ಸುಣ್ಣದ ಕಲ್ಲಿನ ಜಾತಿ. ನಿಂಬೆರಸ, ಹುಣಿಸೇಹುಳಿ, ಹುಳಿಮಜ್ಜಿಗೆ ಬಿದ್ದಲ್ಲಿ ಮೈ ಸವೆದು ಮಂಕಾಗುತ್ತವೆ. ಸಾರು ಹುಳಿಗಳ ಮನೆಯಲ್ಲಿ ಹುಳಿಗೆ ಹೆದರುವ ನೆಲವನ್ನು ಕಾಪಾಡುವುದು ಸುಲಭವಲ್ಲ.

ಆದ್ದರಿಂದ ಟೈಲ್ಸೇ ಬೇಡವೆಂಬ ವಾದ ನನ್ನದಲ್ಲ. ಅದು ನಮಗೆ ನಿನ್ನೆ ಮೊನ್ನೆ ಬಂದ ಪರದೇಶಿಯೂ ಅಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಜೇಡಿಮಣ್ಣು ಮಾಡಿಗೆ ಹಂಚಾದಂತೆ ನೆಲಕ್ಕೆ ಬಿಲ್ಲೆಯೂ ಆಯಿತು. ೧೯೨೨ರಲ್ಲಿ ಮುಂಬಯಿಯಲ್ಲಿ ಸ್ವದೇಶಿ ಉತ್ಸಾಹದಿಂದ ಸಿಮೆಂಟಿನ ಬಣ್ಣದ ಟೈಲ್ಸ್ ಮಾಡುವ ಕಾರ್ಖಾನೆ ಆರಂಭವಾಯಿತು. ಅಮೃತಶಿಲೆಯ ಚೂರು ಬೆರೆಸಿದ ಮೊಸಾಯಿಕ್ ನೆಲ ನಮ್ಮ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಈಗ ಗುಜರಾತಿನ ಮೋರ್ಬಿಯ ಕಾರ್ಖಾನೆಗಳಿಂದ ಲಾರಿಗಟ್ಟಲೆ ಬರುತ್ತಿರುವ ಟೈಲ್ಸ್ ಈ ವಂಶದ ಕೊನೆಯ ಕೂಸು. ಗಟ್ಟಿತನದಲ್ಲಿ, ಕಲೆ ಹಿಡಿಯದ ಗುಣದಲ್ಲಿ ಅದು ತನ್ನ ಹಿರಿಯರನ್ನು ಮೀರಿಸಿದೆ. ಅದರಲ್ಲಿ ಕೆಟ್ಟದ್ದು ಹೊಳಪಿನ ಹುಚ್ಚು ಮಾತ್ರ. ಆ ಹುಚ್ಚು ಟೈಲ್ಸಿನದಲ್ಲ, ಕೊಳ್ಳುವವರದು.

ಅಂಗಡಿಗೆ ಹೋಗುವವರು ಯಾರೆಂದು ನೋಡಿ. ಯಜಮಾನರು, ಇಂಜಿನಿಯರು, ಸಲಹೆ ಕೊಡಲು ಒಬ್ಬ ಭಾವಮೈದ. ಅಡಿಗೆ ಮಾಡುವವರು ಹೋದರೂ ಅವರಿಗೆ ಬಣ್ಣ ಆರಿಸುವಷ್ಟೇ ಸ್ವಾತಂತ್ರ್ಯ. ನೆಲ ಒರೆಸುವಾಕೆಯನ್ನು ಕರೆದುಕೊಂಡು ಹೋದವರನ್ನು ನಾನಿನ್ನೂ ಕಂಡಿಲ್ಲ. ಅಲ್ಲಿ ಟೈಲ್ಸನ್ನು ಗೋಡೆಗೆ ಒರಗಿಸಿ, ಮೇಲೆ ಹತ್ತು ದೀಪ ಹಚ್ಚಿ ತೋರಿಸುತ್ತಾರೆ. ನೆಲಕ್ಕೆ ಹಾಕುವ ವಸ್ತುವನ್ನು ಚಿತ್ರಪಟದಂತೆ ನಿಲ್ಲಿಸಿ ನೋಡುವುದೇ ಮೊದಲ ಮೋಸ. ನೀವು ಒಂದು ಬಿಲ್ಲೆಯನ್ನು ಕೆಳಗೆ ಮಲಗಿಸಲು ಹೇಳಿ. ಚಪ್ಪಲಿ ಬಿಡಿ. ಅದರ ಮೇಲೆ ಒಂದು ಲೋಟ ನೀರು ಸುರಿಸಿ, ಯಾರನ್ನಾದರೂ ಹಿಡಿದುಕೊಂಡು ಬರಿಗಾಲು ಊರಿ ಮೆಲ್ಲಗೆ ಸರಿಸಿ ನೋಡಿ. ಸಂಕೋಚವಿಲ್ಲದಿದ್ದರೆ ಒಂದು ಹನಿ ಎಣ್ಣೆಯನ್ನೂ ಬೆರೆಸಿ ನೋಡಿ. ಅಂಗಡಿಯವನು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಅವನು ನೋಡುವುದು ಐದು ನಿಮಿಷ, ನೀವು ತುಳಿಯುವುದು ಮೂವತ್ತು ವರ್ಷ.

ಜಾರುವಿಕೆಯನ್ನು ಅಳೆಯುವ ಕ್ರಮಗಳೂ ಉಂಟು. ಕೇಳುವ ಗಿರಾಕಿಗಳಿಲ್ಲದ್ದರಿಂದ ಅವು ಪೆಟ್ಟಿಗೆಯ ಮೂಲೆಯಲ್ಲಿ ಅಡಗಿರುತ್ತವೆ. ಜರ್ಮನಿಯವರ ಒಂದು ಪರೀಕ್ಷೆಯಲ್ಲಿ ಟೈಲ್ಸಿಗೆ ಎಣ್ಣೆ ಸವರಿ, ಅದರ ಮೇಲೆ ಬೂಟು ತೊಟ್ಟ ಮನುಷ್ಯನನ್ನು ನಡೆಸಿ, ಅವನು ಜಾರುವವರೆಗೆ ಹಲಗೆಯನ್ನು ಓರೆ ಮಾಡುತ್ತ ಹೋಗುತ್ತಾರೆ. ಓರೆ ಎಷ್ಟು ಡಿಗ್ರಿಯೆಂಬುದರ ಮೇಲೆ ಆರ್ ೯ರಿಂದ ಆರ್ ೧೩ರವರೆಗೆ ದರ್ಜೆ ಕೊಡುತ್ತಾರೆ. ಇಲ್ಲಿ ಎಚ್ಚರಿಕೆ ಬೇಕು. ಆರ್ ೯ ಎಂದೊಡನೆ ನೂರಕ್ಕೆ ತೊಂಬತ್ತು ಅಂಕವೆಂದು ಭ್ರಮಿಸಬಾರದು. ಅದು ತರಗತಿಯ ಕಟ್ಟಕಡೆಯ ಬೆಂಚು. ಆರರಿಂದ ಹತ್ತು ಡಿಗ್ರಿ ಓರೆಯಲ್ಲೇ ಜಾರುವುದಕ್ಕೆ ಆ ಹೆಸರು. ಆರ್ ೧೦ ಹತ್ತೊಂಬತ್ತು ಡಿಗ್ರಿಯವರೆಗೆ ನಿಲ್ಲುತ್ತದೆ. ಮನೆಯ ಅಡಿಗೆಮನೆಗೆ ಅದು ಹೊಂದುತ್ತದೆ. ನಾವು ಮನೆಯೊಳಗೆ ಬೂಟು ಹಾಕುವವರಲ್ಲವಾದ್ದರಿಂದ ಬರಿಗಾಲಿನ ಪರೀಕ್ಷೆಯನ್ನೂ ವಿಚಾರಿಸಬಹುದು. ಅದರಲ್ಲಿ ಎ, ಬಿ, ಸಿ ಎಂಬ ಮೂರು ದರ್ಜೆಗಳಿವೆ, ಸಿ ಎಂಬುದೇ ಅತಿ ಉತ್ತಮ. ಅಮೆರಿಕದವರು ಒದ್ದೆಯಲ್ಲಿ ನಡೆಯುವ ಒಳಮನೆಯ ಸಮನೆಲಕ್ಕೆ ಘರ್ಷಣೆಯ ಅಂಕ ೦.೪೨ಕ್ಕೆ ಕಡಮೆಯಿರಬಾರದೆಂದು ಇಟ್ಟುಕೊಂಡಿದ್ದಾರೆ. ಹಾಗೆಂದು ಅತಿ ಒರಟೂ ಬೇಡ. ಕಾರು ನಿಲ್ಲಿಸುವ ಜಾಗದ ಟೈಲ್ಸನ್ನು ಅಡಿಗೆಮನೆಗೆ ತಂದರೆ ಅದರ ಹಳ್ಳಗಳಲ್ಲಿ ಜಿಡ್ಡು ಕೂತು, ಉಜ್ಜುವವರ ಕೈ ಬಿದ್ದುಹೋಗುತ್ತದೆ.

ಎರಡನೆಯದಾಗಿ ನೀರು ಕುಡಿಯುವ ಗುಣ. ನಮ್ಮ ದೇಶದ ಮಾನಕ ಐ.ಎಸ್. ೧೫೬೨೨ ಟೈಲ್ಸನ್ನು ವಿಂಗಡಿಸುವುದು ಇದರ ಮೇಲೆಯೇ. ವಿಟ್ರಿಫೈಡ್ ಎನ್ನಿಸಿಕೊಳ್ಳಬೇಕಾದರೆ ತನ್ನ ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರನ್ನು ಹೀರಬಾರದು. ಗೋಡೆಯ ಟೈಲ್ಸ್ ನೂರಕ್ಕೆ ಹತ್ತಕ್ಕೂ ಮೇಲೆ ಹೀರುತ್ತದೆ. ಅದನ್ನು ಅಗ್ಗವೆಂದು ನೆಲಕ್ಕೆ ಹಾಕಿದರೆ ಮೊದಲ ಕುಕ್ಕರ್ ಬಿದ್ದ ದಿನವೇ ಅದರ ಆಯುಸ್ಸು ಮುಗಿಯಬಹುದು. ಪರೀಕ್ಷೆ ಸುಲಭ: ಬಿಲ್ಲೆಯನ್ನು ಬೋರಲು ಹಾಕಿ ಬೆನ್ನಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಹನಿ ಹಾಗೆಯೇ ನಿಂತರೆ ನೆಲಕ್ಕೆ ಯೋಗ್ಯ. ಮಣ್ಣಿನ ಮಡಕೆಯಂತೆ ಹೀರಿಕೊಂಡರೆ ಗೋಡೆಗೆ ಕಳಿಸಿ. ಬಣ್ಣದಲ್ಲಿ ಹಾಲುಬಿಳುಪು ಸಾಸುವೆ ಕಾಳನ್ನೂ ಎತ್ತಿ ತೋರಿಸುತ್ತದೆ, ಕಡುಗಪ್ಪು ಹಿಟ್ಟನ್ನೂ ಒಣಗಿದ ನೀರಿನ ಕಲೆಯನ್ನೂ ಎತ್ತಿ ತೋರಿಸುತ್ತದೆ. ಹಳೆಯ ಮೊಸಾಯಿಕ್ಕಿನ ಹಾಗೆ ನಡುಬಣ್ಣದ, ಕಾಳು ಕಾಳಾದ ಮೈಯೇ ಜಾಣತನ. ಕೊಳ್ಳುವಾಗ ಒಂದೇ ಬ್ಯಾಚಿನ ಪೆಟ್ಟಿಗೆಗಳೇ ಎಂದು ನೋಡಿಕೊಂಡು, ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚು ಕೊಂಡು ಅಟ್ಟದ ಮೇಲಿಡಿ. ಐದು ವರ್ಷದ ಮೇಲೆ ಒಂದು ಒಡೆದಾಗ ಅದೇ ಬಣ್ಣವನ್ನು ಹುಡುಕುತ್ತ ಪೇಟೆ ಸುತ್ತಿದರೆ ಸಿಗುವ ಭರವಸೆಯಿಲ್ಲ.

ಅಳತೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಭಾಷೆಯಲ್ಲಿ ನೆಲಕ್ಕೆ ತಕ್ಕಂತೆ ಕ್ರಿಯಾಪದಗಳಿವೆ. ಮಣ್ಣಿನ ನೆಲವನ್ನು ಸಾರಿಸುತ್ತಿದ್ದೆವು. ಕಲ್ಲಿನ ನೆಲವನ್ನು ತೊಳೆಯುತ್ತಿದ್ದೆವು. ಟೈಲ್ಸಿನ ನೆಲವನ್ನು ಬರಿಯ ಒರೆಸುತ್ತೇವೆ. ತೊಳೆಯುವ ನೆಲಕ್ಕೆ ಇಳಿಜಾರು ಬೇಕು, ಮೂಲೆಯಲ್ಲಿ ನೀರು ಹೋಗುವ ಮೋರಿ ಬೇಕು. ಹಳೆಯ ಅಡಿಗೆಮನೆಗಳಲ್ಲಿ ಇವೆರಡೂ ಇದ್ದವು. ಈಗಿನ ಎಷ್ಟೋ ಫ್ಲಾಟುಗಳ ಅಡಿಗೆಮನೆಯಲ್ಲಿ ಒಂದು ಜಾಲರಿಯೂ ಇಲ್ಲ. ಬಿದ್ದ ನೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಜಾರದ ಕಡೆಗೆ ಹೊರಡುತ್ತದೆ. ಎರಡಡಿಗೂ ಮೀರಿದ ದೊಡ್ಡ ಬಿಲ್ಲೆಗಳನ್ನು ಹಾಕಿದಾಗ ಜಾಲರಿಯ ಕಡೆಗೆ ಇಳಿಜಾರು ಕೊಡುವುದೂ ಕಷ್ಟ. ಒಂದಡಿಯ ಸಣ್ಣ ಬಿಲ್ಲೆಯಾದರೆ ಇಳಿಜಾರಿಗೆ ಬಗ್ಗುತ್ತದೆ, ಸಂದುಗಳು ಕಾಲಿಗೆ ಹಿಡಿತವನ್ನೂ ಕೊಡುತ್ತವೆ. ಸಂದು ಕಡಮೆಯಾದಷ್ಟೂ ಸೊಗಸೆಂಬುದು ಹಜಾರದ ತತ್ತ್ವ. ಅಡಿಗೆಮನೆಯಲ್ಲಿ ಅದು ನಡೆಯದು.

ಹಾಕುವ ಕೆಲಸದಲ್ಲಿ ಎರಡು ಸಂಗತಿಗಳಿಗೆ ಹಟ ಹಿಡಿಯಿರಿ. ಬಿಲ್ಲೆಯ ಬೆನ್ನಿನ ತುಂಬ ಗಾರೆ ಕೂತಿರಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆಯಿಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿದು, ಕುಟ್ಟಾಣಿ ಬಿದ್ದಾಗ ಅಲ್ಲಿಯೇ ಒಡೆಯುತ್ತದೆ. ಮೇಸ್ತ್ರಿಗೆ ಹಣ ಕೊಡುವ ಮೊದಲು ಮರದ ಹಿಡಿಯಿಂದ ಒಂದೊಂದನ್ನೂ ತಟ್ಟಿ ನೋಡಿ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಎರಡನೆಯದು, ಬಿಲ್ಲೆಗಳ ನಡುವೆ ಎರಡು ಮೂರು ಮಿಲಿಮೀಟರು ಸಂದು ಬಿಡಿಸಿ. ಒಂದಕ್ಕೊಂದು ಅಂಟಿಸಿ ಹಾಕಿದ ನೆಲ ಹಿಗ್ಗುವುದಕ್ಕೆ ಜಾಗವಿಲ್ಲದೆ ಒಂದು ದಿನ ಡೇರೆಯಂತೆ ಎದ್ದು ನಿಲ್ಲುತ್ತದೆ. ಸಂದಿಗೆ ಬಿಳಿ ಸಿಮೆಂಟು ಬೇಡ. ಬೂದುಬಣ್ಣದ ಗ್ರೌಟು ಒಳ್ಳೆಯದು. ಖರ್ಚು ತಡೆದುಕೊಳ್ಳುವಂತಿದ್ದರೆ ಎಪಾಕ್ಸಿ ಇನ್ನೂ ಒಳ್ಳೆಯದು, ಅದು ಎಣ್ಣೆಯನ್ನೂ ಅರಿಸಿನವನ್ನೂ ಕುಡಿಯುವುದಿಲ್ಲ. ಟೈಲ್ಸ್ ಕತ್ತರಿಸುವಾಗ ಏಳುವ ಬಿಳಿಯ ಧೂಳಿನಲ್ಲಿ ಸಿಲಿಕ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶ ಕಲ್ಲಾಗುತ್ತದೆ. ನೀರು ಬಿಟ್ಟುಕೊಂಡು ಕತ್ತರಿಸಲು ಹೇಳಿ, ಮುಖಕ್ಕೆ ಮುಸುಕು ಕೊಡಿಸಿ. ನಮ್ಮ ನೆಲಕ್ಕಾಗಿ ಇನ್ನೊಬ್ಬರ ಉಸಿರು ಹೋಗಬೇಕಾಗಿಲ್ಲ.

ಇನ್ನು ಆರೈಕೆ. ಇಲ್ಲಿ ನಮ್ಮ ದೊಡ್ಡ ತಪ್ಪು ಅತಿಭಕ್ತಿ. ಒಂದು ಬಕೆಟ್ ನೀರಿಗೆ ಅರ್ಧ ಲೋಟ ಸೋಪಿನ ದ್ರಾವಣ ಸುರಿಯುತ್ತೇವೆ. ಒರೆಸಿದ ಮೇಲೆ ಉಳಿಯುವ ಸೋಪಿನ ಪದರವೇ ಮರುದಿನದ ಧೂಳನ್ನು ಕರೆದು ಕೂರಿಸುತ್ತದೆ, ಮೇಲಾಗಿ ಜಾರಿಸುತ್ತದೆ. ಮೊದಲು ಚೆನ್ನಾಗಿ ಗುಡಿಸಿ, ಬೆಚ್ಚಗಿನ ನೀರಿಗೆ ಕೆಲವೇ ಹನಿ ಸೋಪು ಹಾಕಿ ಒರೆಸಿ, ಮತ್ತೊಮ್ಮೆ ಬರಿಯ ನೀರಿನಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮುಗಿಸಿದರೆ ಸಾಕು. ಎಣ್ಣೆ ಚೆಲ್ಲಿದರೆ ನೀರು ಹಾಕಬೇಡಿ. ನಿನ್ನೆಯ ಪತ್ರಿಕೆಯನ್ನೋ ಒಂದು ಹಿಡಿ ಹಿಟ್ಟನ್ನೋ ಹಾಕಿ ಹೀರಿಸಿ, ಆಮೇಲೆ ಸೋಪಿನಿಂದ ತೊಳೆಯಿರಿ. ಹಳೆಯ ಜಿಡ್ಡಿಗೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡ, ಒಂದು ಬ್ರಷ್ಷು. ಅರಿಸಿನದ ಕಲೆಗೆ ಸೋಪು ತಾಕಿದೊಡನೆ ಕೆಂಪಾದರೆ ಗಾಬರಿ ಬೇಡ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವವರಿಗೆ ಆ ರಸಾಯನಶಾಸ್ತ್ರ ಹೊಸದಲ್ಲ. ಬಿಸಿಲು ಬೀಳುವ ಕಡೆಯಾದರೆ ಆ ಕಲೆ ತಾನಾಗಿಯೇ ಮಾಸುತ್ತದೆ. ಮೇಣದ ಪಾಲಿಶ್ ಮಾತ್ರ ಅಡಿಗೆಮನೆಯ ಹತ್ತಿರ ಬರಬಾರದು.

ಎಲ್ಲಕ್ಕಿಂತ ದೊಡ್ಡ ಶತ್ರು ಆ್ಯಸಿಡ್. ಹಬ್ಬ ಬಂತೆಂದರೆ ಒಂದು ಬಾಟಲಿ ತಂದು ನೆಲಕ್ಕೆ ಸುರಿಯುವುದು ನಮ್ಮಲ್ಲಿ ಶುಚಿತ್ವದ ಪರಮಾವಧಿಯೆನಿಸಿದೆ. ಸಿಮೆಂಟಿನ ಸಂದುಗಳನ್ನು ಅದು ಬುಸುಬುಸು ನೊರೆಯೆಬ್ಬಿಸಿ ತಿನ್ನುತ್ತದೆ. ಆ ನೊರೆಯನ್ನು ಕೊಳೆ ಹೋಗುತ್ತಿದೆಯೆಂದು ತಿಳಿದು ನಾವು ಸಂತೋಷಪಡುತ್ತೇವೆ. ವಾಸ್ತವವಾಗಿ ಹೋಗುತ್ತಿರುವುದು ನೆಲ! ತಿಂದುಹೋದ ಸಂದಿನಲ್ಲಿ ನೀರಿಳಿದು, ಜಿರಳೆಗೆ ಊಟವಾಗಿ, ಮುಂದಿನ ಹಬ್ಬಕ್ಕೆ ಇನ್ನೂ ಎರಡು ಬಾಟಲಿ ಬೇಕಾಗುತ್ತದೆ. ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿಯೇನಾದರೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ಕಂದಕದಲ್ಲಿದ್ದ ಸೈನಿಕರನ್ನು ಕೊಲ್ಲಲು ಬಿಟ್ಟದ್ದೂ ಅದನ್ನೇ. ಕಿಟಕಿ ಮುಚ್ಚಿದ ಸಣ್ಣ ಅಡಿಗೆಮನೆಯಲ್ಲಿ, ಕೈಗೆ ಗವಸಿಲ್ಲದೆ ಕುಕ್ಕರಗಾಲಿನಲ್ಲಿ ಕೂತು ಇವೆರಡನ್ನೂ ಬೆರೆಸಿ ಉಜ್ಜುವವಳು ಸಾಮಾನ್ಯವಾಗಿ ಮನೆಗೆಲಸದಾಕೆ. ಅವಳು ಕೆಮ್ಮಿದರೆ “ಸ್ವಲ್ಪ ವಾಸನೆ ಜಾಸ್ತಿ, ಅಷ್ಟೆ” ಎನ್ನುವವರು ಒಮ್ಮೆ ತಾವೇ ಬಾಗಿಲು ಹಾಕಿಕೊಂಡು ಉಜ್ಜಲು ಒಪ್ಪಿಯಾರೆ?

ಕಡೆಯದಾಗಿ ಒಂದು ಆಕ್ಷೇಪಣೆ ಉಳಿದಿದೆ. “ಹೊಳಪಿಲ್ಲದ ಮ್ಯಾಟ್ ಟೈಲ್ಸಿಗೆ ಕೊಳೆ ಹೆಚ್ಚು ಹಿಡಿಯುತ್ತದೆ” ಎಂದು ಅಂಗಡಿಯವರು ಹೇಳುತ್ತಾರೆ. ಅದರಲ್ಲಿ ಎಳ್ಳಷ್ಟು ಸತ್ಯವಿದೆ. ಮ್ಯಾಟ್ ಮೈಗೆ ವಾರಕ್ಕೊಮ್ಮೆ ಬ್ರಷ್ಷು ತಾಗಿಸಬೇಕು. ಆದರೆ ಹೊಳೆಯುವ ನೆಲಕ್ಕೆ ದಿನಕ್ಕೆ ನಾಲ್ಕು ಸಲ ಬಟ್ಟೆ ತಾಗಿಸಬೇಕೆಂಬ ಉಳಿದ ಸತ್ಯವನ್ನು ಅವರು ಹೇಳುವುದಿಲ್ಲ. ಒಂದು ಹೆಜ್ಜೆ, ಒಂದು ಹನಿ ಬಿದ್ದರೂ ಅದು ಸಾರಿ ಹೇಳುತ್ತದೆ. ಹೊಳಪನ್ನು ಕೊಂಡವರು ಒಬ್ಬರು, ಆ ಹೊಳಪಿಗೆ ಜೀವನಪರ್ಯಂತ ಜೀತ ಮಾಡುವವರು ಇನ್ನೊಬ್ಬರು. ವಾರಕ್ಕೊಮ್ಮೆಯ ಬ್ರಷ್ಷು ಹೆಚ್ಚೋ, ದಿನಕ್ಕೆ ನಾಲ್ಕು ಸಲದ ಭಯ ಹೆಚ್ಚೋ ಎಂಬುದನ್ನು ಅಡಿಗೆಮನೆಯಲ್ಲಿ ಇರುವವರೇ ನಿರ್ಣಯಿಸಲಿ.

ಮನೆ ಕೊಳ್ಳುವವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡಬೇಕು. ಆ ಬಣ್ಣದ ಪುಸ್ತಿಕೆಯಲ್ಲಿ ‘ಅಡಿಗೆಮನೆ’ ಎಂಬ ಪದವನ್ನು ಹಜಾರದ ಸಾಲಿನಿಂದ ಹೊಡೆದುಹಾಕಿ, ಸ್ನಾನದ ಮನೆಯ ಸಾಲಿನಲ್ಲಿ, ಜಾರದ ಟೈಲ್ಸಿನ ಎದುರಿಗೆ ಬರೆಯಿರಿ. ಜೊತೆಗೆ ನೀರು ಹೋಗಲು ಒಂದು ಜಾಲರಿಯನ್ನೂ ಕೇಳಿ. ಕಟ್ಟುವವರಿಗೆ ಇದರಿಂದ ಆಗುವ ಹೆಚ್ಚು ಖರ್ಚು ಅಷ್ಟೇನೂ ದೊಡ್ಡದಲ್ಲ. ನೂರು ಜನ ಹೀಗೆ ತಿದ್ದಿ ಕೊಟ್ಟರೆ ನೂರೊಂದನೆಯ ಪುಸ್ತಿಕೆಯನ್ನು ಅವರೇ ತಿದ್ದಿ ಅಚ್ಚು ಹಾಕಿಸುತ್ತಾರೆ.